ಫ್ರಿಜ್ಜಿನಲ್ಲಿ ಇಟ್ಟರೂ ಅಡುಗೆ ಯಾಕೆ ಕಸಕ್ಕೆ ಹೋಗುತ್ತದೆ?

ಪ್ರಶ್ನೆ: ಅನ್ನ ಚೆಲ್ಲಬಾರದು ಅಂತ ಮಕ್ಕಳಿಗೂ ಹೇಳಿಕೊಟ್ಟಿದ್ದೇವೆ. ಮಿಕ್ಕಿದ್ದನ್ನೆಲ್ಲ ಫ್ರಿಜ್ಜಿನಲ್ಲಿ ಇಡುತ್ತೇವೆ. ಆದರೂ ಭಾನುವಾರ ಫ್ರಿಜ್ ಒರೆಸುವಾಗ ಮೂರ್ನಾಲ್ಕು ಡಬ್ಬಿ ಚೆಲ್ಲಲೇಬೇಕಾಗುತ್ತದೆ. ಯಾಕೆ ಹೀಗೆ?

ಈ ಪ್ರಶ್ನೆ ಬಾರದ ತಿಂಗಳಿಲ್ಲ. ಜೊತೆಗೇ ಒಂದು ಸಲಹೆಯೂ ಬರುತ್ತದೆ: "ಈಗಿನವರಿಗೆ ಅನ್ನದ ಬೆಲೆ ಗೊತ್ತಿಲ್ಲ, ಅದನ್ನು ಬರೆಯಿರಿ." ಎಷ್ಟು ಸಲ ಹೇಳಲಿ, ಅದು ನಿಜ ಅಲ್ಲ. ಬೆಲೆ ಗೊತ್ತಿಲ್ಲದವರು ಒಂದೇ ಒಂದು ಸೌಟು ಹುಳಿಗೆ ಡಬ್ಬಿ ಹುಡುಕಿ, ಅದಕ್ಕೆ ಸರಿಯಾದ ಮುಚ್ಚಳ ಹುಡುಕಿ ಎತ್ತಿಡುತ್ತಾರಾ?

ರಾತ್ರಿ ಊಟ ಆದಮೇಲೆ ಏನಾಗುತ್ತದೆ ನೋಡಿ. ಪಾತ್ರೆಯ ತಳದಲ್ಲಿ ಹುಳಿ ಮಿಕ್ಕಿದೆ. ಯಾರಿಗೂ ಬೇಡ. ಆದರೆ ಚೆಲ್ಲೋಕೆ ಕೈ ಬರಲ್ಲ. ಸ್ಟೀಲ್ ಡಬ್ಬಿಗೆ ಬಗ್ಗಿಸಿ ದೋಸೆಹಿಟ್ಟಿನ ಪಾತ್ರೆಯ ಹಿಂದೆ ತಳ್ಳುತ್ತೇವೆ. ಮನಸ್ಸು ಹಗುರ ಆಯಿತು, ಅಲ್ವಾ? ಮನಸ್ಸಿನ ಲೆಕ್ಕದಲ್ಲಿ ಅದನ್ನು ಉಳಿಸಿ ಆಯಿತು. ಆದ್ದರಿಂದಲೇ ಮಾರನೇ ದಿನ ಅದು ನೆನಪಾಗಲ್ಲ, ಹೊಸ ಸಾರು ಕುದಿಯುತ್ತದೆ. ನಾಲ್ಕನೇ ದಿನ ಮುಚ್ಚಳ ತೆಗೆದರೆ ಹಳಸಿದ ವಾಸನೆ. ಈಗ ಚೆಲ್ಲೋಕೆ ಸಂಕಟವೇ ಇಲ್ಲ. "ಕೆಟ್ಟಿದೆ, ಇನ್ನೇನು ಮಾಡೋದು!" ಸಂಕಟದಿಂದ ಹುಳಿ ಉಳಿಯಲಿಲ್ಲ. ಅದನ್ನು ಚೆಲ್ಲುವ ದಿನ ಮುಂದಕ್ಕೆ ಹೋಯಿತು, ಅಷ್ಟೆ.

ಪಾಪಪುಣ್ಯ ಹೇಳಿ, ಬೈದು ಈ ಸಂಕಟ ಜಾಸ್ತಿ ಮಾಡಿದರೆ ಫ್ರಿಜ್ಜಿನಲ್ಲಿ ಡಬ್ಬಿಗಳೇ ಜಾಸ್ತಿ ಆಗುತ್ತವೆ. ಇಲ್ಲವೇ ಮನೆಯ ಅಮ್ಮ ಹೊಟ್ಟೆ ತುಂಬಿದ್ದರೂ ತಾನೇ ತಿಂದು ಮುಗಿಸುತ್ತಾಳೆ. ದಯವಿಟ್ಟು ಅದು ಬೇಡ. ಮದುವೆಮನೆ ಕಡೆ, ಹೋಟೆಲ್ ಕಡೆ ಬೆರಳು ತೋರಿಸುವುದೂ ಬೇಡ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಲ್ಲಿ ಲೆಕ್ಕ ಇದೆ: 2022ರಲ್ಲಿ ಜಗತ್ತಿನಲ್ಲಿ ಪೋಲಾದ 105 ಕೋಟಿ ಟನ್ ಆಹಾರದಲ್ಲಿ ಶೇ 60ರಷ್ಟು ಮನೆಗಳದ್ದೇ.

ಎತ್ತಿಡುವಾಗಲೇ ಅದನ್ನು ಯಾವ ಹೊತ್ತಿಗೆ ತಿನ್ನುವುದು ಅಂತ ಗೊತ್ತುಮಾಡಿ. "ನೋಡೋಣ" ಅನ್ನಬೇಡಿ. "ನಾಳೆ ಬೆಳಗ್ಗೆ ಈ ಪಲ್ಯ ರೊಟ್ಟಿಹಿಟ್ಟಿಗೆ" ಅನ್ನಿ. ಯಾವಾಗ, ಎಲ್ಲಿ, ಹೇಗೆ ಅಂತ ಮೊದಲೇ ಗೊತ್ತುಮಾಡಿದ ಕೆಲಸ ನಡೆಯುವುದು ಜಾಸ್ತಿ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1999ರಲ್ಲೇ ಬರೆದಿದ್ದಾರೆ. ಗಾಜಿನ ಡಬ್ಬಿಗೆ ಹಾಕಿ ಕಣ್ಣಿಗೆ ಬೀಳುವಂತೆ ಇಡಿ. ಯಾವ ಹೊತ್ತಿಗೆ ಅಂತ ಹೇಳಲು ಆಗದಿದ್ದರೆ, ನಾಳೆ ಬೇಳೆ ಒಂದು ಹಿಡಿ ಕಡಿಮೆ ಹಾಕಬೇಕು ಅಂತ ಅರ್ಥ. "ಯಾರಾದ್ರೂ ಬಂದ್ರೆ?" ಬಂದರೆ ಉಪ್ಪಿಟ್ಟು ಮಾಡೋಕೆ ಹೆಚ್ಚು ಹೊತ್ತು ಬೇಡ. ಅಪರೂಪಕ್ಕೆ ಬರುವವರಿಗಾಗಿ ದಿನಾ ಮಿಗಿಸಬೇಕಿಲ್ಲ.

ಯಾರೂ ಕೇಳದಿದ್ದರೂ ಚಿತ್ರಾನ್ನದ ವಿಷಯ ಹೇಳಿಬಿಡುತ್ತೇನೆ. ರಾತ್ರಿಯಿಡೀ ಕಟ್ಟೆ ಮೇಲಿದ್ದ ಅನ್ನ ಬೆಳಗ್ಗೆ ಒಗ್ಗರಣೆ ಹಾಕಿದರೆ ಸರಿಹೋಗಲ್ಲ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಉಳಿಯಬಲ್ಲವು. ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ವಾಂತಿ ತರಿಸುವ ವಿಷ ಬಿಟ್ಟರೆ, ಬಾಣಲೆಯ ಬಿಸಿಗೂ ಅದು ಹೋಗುವುದಿಲ್ಲ. ಮಿಕ್ಕ ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿ ಇಡಿ. ಬೆಳಗ್ಗೆ ಅದು ಉದುರುದುರಾಗಿರುತ್ತದೆ, ಚಿತ್ರಾನ್ನಕ್ಕೆ ಹಾಗಿದ್ದರೇ ಚೆನ್ನ.