ಕಂತು ಕಟ್ಟಿದರು, ಕ್ರಯಪತ್ರ ಸಿಗಲಿಲ್ಲ

ಅಮೆರಿಕದ ದೊಡ್ಡ ಊರುಗಳಲ್ಲಿ ಬಿಳಿಯರ ಬಡಾವಣೆ ಬೇರೆ, ಕಪ್ಪು ಜನರ ಬಡಾವಣೆ ಬೇರೆ. ಯಾಕೆ ಹೀಗೆ ಅಂತ ಕೇಳಿದರೆ, 'ಅವರವರ ಜನರ ಜೊತೆ ಅವರವರು ಇದ್ದಾರೆ, ಅಷ್ಟೇ' ಅನ್ನುವವರು ಈಗಲೂ ಜಾಸ್ತಿ. ಶಿಕಾಗೊದ ನಾರ್ತ್ ಲಾಂಡೇಲ್ ಎಂಬ ಬಡಾವಣೆಯ ಲೆಕ್ಕ ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಬಣ್ಣ ನೋಡಿ ಬೀದಿ ಹಂಚುವ ನಗರ ಕಾನೂನನ್ನು ಸುಪ್ರೀಂ ಕೋರ್ಟ್ 1917ರಲ್ಲೇ ರದ್ದು ಮಾಡಿತ್ತು. ಆಗ 'ಕಪ್ಪು ಜನರಿಗೆ ಮಾರಕೂಡದು' ಎಂಬ ಷರತ್ತು ಮನೆಪತ್ರಗಳಿಗೇ ಸೇರಿಕೊಂಡಿತು. ಕೋರ್ಟುಗಳು ಅದನ್ನೂ ಜಾರಿ ಮಾಡುವಂತಿಲ್ಲ ಎಂದು ತೀರ್ಪು ಬಂದದ್ದು 1948ರಲ್ಲಿ. ಅಷ್ಟರಲ್ಲಿ ಸಾಲದ ಬಾಗಿಲು ಮುಚ್ಚಿತ್ತು. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿ, ಸಾಲ ಕೊಟ್ಟರೆ ಅಪಾಯ ಅನ್ನಿಸಿದ ಜಾಗಕ್ಕೆ ಕೆಂಪು ಬಣ್ಣ ಹಾಕಿತ್ತು. ಕಪ್ಪು ಜನರಿದ್ದ ಬೀದಿಗಳು ಹೆಚ್ಚುಕಮ್ಮಿ ಎಲ್ಲವೂ ಕೆಂಪು. ಗೃಹಸಾಲಕ್ಕೆ ವಿಮೆ ಕೊಡುವ ಫೆಡರಲ್ ಇಲಾಖೆಯೂ ಆ ಕಡೆ ತಲೆ ಹಾಕಲಿಲ್ಲ. ಡೆಟ್ರಾಯಿಟ್‌ನಲ್ಲಿ 1941ರಲ್ಲಿ ಬಿಳಿಯರಿಗಾಗಿ ಹೊಸ ಮನೆ ಕಟ್ಟಿಸುತ್ತಿದ್ದವರು, ಆ ವಿಮೆ ಸಿಗಲಿ ಅಂತಲೇ, ಪಕ್ಕದ ಕಪ್ಪು ಜನರ ಕೇರಿಗೆ ಅಡ್ಡವಾಗಿ ಆರು ಅಡಿ ಎತ್ತರದ, ಅರ್ಧ ಮೈಲಿ ಉದ್ದದ ಗೋಡೆ ಎಬ್ಬಿಸಿದರು. ಅದು ಇಂದಿಗೂ ನಿಂತಿದೆ.

ಬ್ಯಾಂಕ್ ಸಾಲ ಇಲ್ಲದವರು ಮನೆ ಕೊಳ್ಳುವುದು ಹೇಗೆ? ಶಿಕಾಗೊದಲ್ಲಿ ಅದಕ್ಕೊಂದು ದಾರಿ ಹುಟ್ಟಿತು. ಮೊದಲು ದಲ್ಲಾಳಿ ಬಿಳಿಯರ ಮನೆ ಬಾಗಿಲು ತಟ್ಟುತ್ತಿದ್ದ. 'ಕಪ್ಪು ಜನ ಬರ್ತಿದ್ದಾರೆ, ಬೆಲೆ ಬೀಳುತ್ತೆ, ಈಗಲೇ ಮಾರಿಬಿಡಿ.' ಗಾಬರಿಯಲ್ಲಿ ಅವರು ಅಗ್ಗಕ್ಕೆ ಕೊಟ್ಟು ಹೋದರೆ, ಅದೇ ಮನೆ ತುಂಬಾ ಜಾಸ್ತಿ ಬೆಲೆಗೆ ಕಪ್ಪು ಕುಟುಂಬಕ್ಕೆ 'ಕಾಂಟ್ರ್ಯಾಕ್ಟ್' ಮೇಲೆ ಹೋಗುತ್ತಿತ್ತು. ಮುಂಗಡ ಕೊಳ್ಳುವವರದು. ತಿಂಗಳ ಕಂತು, ತೆರಿಗೆ, ರಿಪೇರಿ ಎಲ್ಲವೂ ಅವರದೇ. ಕ್ರಯಪತ್ರ ಮಾತ್ರ ಕೊನೆಯ ಕಂತಿನವರೆಗೂ ಮಾರಿದವನ ಕೈಯಲ್ಲಿ. ಒಂದು ಕಂತು ತಪ್ಪಿದರೂ ಸಾಕು, ಮನೆ ಬಿಡಿಸಬಹುದಿತ್ತು. ಅಲ್ಲಿಯವರೆಗೆ ಕಟ್ಟಿದ್ದೂ ವಾಪಸ್ ಬರುತ್ತಿರಲಿಲ್ಲ. ಮಾರನೇ ವಾರ ಅದೇ ಮನೆ ಇನ್ನೊಬ್ಬರಿಗೆ.

ಕಂತು ಹೊಂದಿಸಲು ಗಂಡ ಹೆಂಡತಿ ಇಬ್ಬರೂ ಹಗಲು ರಾತ್ರಿ ದುಡಿದರು. ಇದ್ದ ರೂಮುಗಳಲ್ಲೇ ಬಾಡಿಗೆಯವರನ್ನು ಕೂರಿಸಿದರು. ಸೋರುವ ಸೂರಿಗೆ ದುಡ್ಡು ಉಳಿಯಲಿಲ್ಲ. ಬೀದಿ ಕಳೆಗುಂದಿತು. 'ಇವರು ಬಂದರೆ ಹೀಗೇ' ಅಂದರು ನೋಡಿದವರು. ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ನೋವು ಕೊಡುವುದು ಆ ಒಂದು ಮಾತು.

1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದೇ ನಾರ್ತ್ ಲಾಂಡೇಲ್‌ಗೆ ಬಂದು ಬಾಡಿಗೆಗಿದ್ದರು. 1968ರ ಏಪ್ರಿಲ್ 4ರಂದು ಅವರ ಹತ್ಯೆಯಾಯಿತು. ಒಂದೇ ವಾರಕ್ಕೆ, ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಬಾರದು ಎಂಬ ಕಾಯ್ದೆಗೆ ಸಹಿ ಬಿತ್ತು. ಅದೇ ವರ್ಷ ನಾರ್ತ್ ಲಾಂಡೇಲ್‌ನ ಕೊಳ್ಳುಗರು ಸಂಘ ಕಟ್ಟಿದರು, ಕಂತು ಕೊಡುವುದನ್ನೇ ನಿಲ್ಲಿಸಿದರು. ಕೆಲವರಿಗೆ ಬೆಲೆ ಇಳಿಯಿತು. ಕೋರ್ಟಿಗೆ ಹಾಕಿದ ದೊಡ್ಡ ದಾವೆಗಳು ಸೋತವು.

1960ರಲ್ಲಿ ಅಲ್ಲಿ ಸುಮಾರು ಒಂದೂಕಾಲು ಲಕ್ಷ ಜನರಿದ್ದರು. 2020ರ ಗಣತಿಗೆ ಸಿಕ್ಕವರು 35 ಸಾವಿರದ ಆಸುಪಾಸು. ಬೂದುಗಲ್ಲಿನ ಹಳೇ ಮನೆಗಳು ಅಲ್ಲಲ್ಲಿ ಉಳಿದಿವೆ, ನಡುನಡುವೆ ಹುಲ್ಲು ಬೆಳೆದ ಖಾಲಿ ಸೈಟುಗಳು.