ಓದುಗರ ಪ್ರಶ್ನೆ: ಸೈನ್ಸ್ ಫಿಕ್ಷನ್ ಯುದ್ಧದಾಟಕ್ಕೆ ಯಾವ ಟ್ಯಾಂಕಿನ ಕಿಟ್ ಕೊಳ್ಳಬೇಕು?

ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ: "ನಾವು ನಾಲ್ಕೈದು ಮಂದಿ ಸ್ನೇಹಿತರು ಮೇಜಿನ ಮೇಲೆ ಸೈನ್ಸ್ ಫಿಕ್ಷನ್ ಮಿನಿಯೇಚರ್ ಯುದ್ಧದಾಟ ಆಡುತ್ತೇವೆ. ನಮ್ಮ ಸೈನಿಕರ ಗೊಂಬೆಗಳು 28 ಮಿ.ಮೀ. ಅಳತೆಯವು. ಆಟದ ಕಂಪನಿಗಳೇ ಮಾರುವ ಟ್ಯಾಂಕುಗಳ ಬೆಲೆ ನಮಗೆ ಎಟುಕುವುದಿಲ್ಲ. ಎರಡನೇ ಮಹಾಯುದ್ಧದ ಟ್ಯಾಂಕ್ ಕಿಟ್ ತರಿಸಿ ಅದನ್ನೇ ಮಾರ್ಪಡಿಸಿಕೊಳ್ಳಬೇಕೆಂದಿದ್ದೇವೆ. ಯಾವ ಟ್ಯಾಂಕ್, ಯಾವ ಸ್ಕೇಲ್ ಕೊಂಡರೆ ಒಳ್ಳೆಯದು, ದಯವಿಟ್ಟು ತಿಳಿಸಿ."

ಮೊದಲು ಚುಟುಕಾಗಿ ಉತ್ತರ ಹೇಳಿಬಿಡುತ್ತೇನೆ. 1/35 ಸ್ಕೇಲಿನಲ್ಲಿ (ಅಂದರೆ ನಿಜದ ಅಳತೆಯ 35ರಲ್ಲೊಂದು ಪಾಲಿನಲ್ಲಿ) ಒಂದು ಚಿಕ್ಕ ಟ್ಯಾಂಕನ್ನಾಗಲಿ, 1/48ರಲ್ಲಿ ಒಂದು ದೊಡ್ಡ ಟ್ಯಾಂಕನ್ನಾಗಲಿ ಕೊಳ್ಳಿ. ನೋಡಿದವರು ಒಡನೆಯೇ ಹೆಸರು ಹಿಡಿದು ಕರೆಯುವಂಥ ಪ್ರಸಿದ್ಧ ಟ್ಯಾಂಕು ಬೇಡ. ಒಳ್ಳೆಯ ಆಯ್ಕೆಯೆಂದರೆ ಹಳೆಯ ಗುರುತನ್ನು ಅಳಿಸಲು ಬರುವ ಆಯ್ಕೆ. ಅಳಿಸಬೇಕಾದ ಗುರುತುಗಳು ಎರಡು ಬಗೆಯವು: ಟ್ಯಾಂಕು ಎಷ್ಟು ದೊಡ್ಡದೆಂದು ಹೇಳಿಬಿಡುವ ಗುರುತು ಒಂದು, ಅದು ಯಾವ ದೇಶದ್ದು, ಯಾವ ಕಾಲದ್ದು ಎಂದು ಹೇಳಿಬಿಡುವ ಗುರುತು ಇನ್ನೊಂದು.

ಸ್ಕೇಲಿನ ಲೆಕ್ಕದಿಂದ ಆರಂಭಿಸೋಣ. 28 ಮಿ.ಮೀ. ಎಂಬುದು ವಾಡಿಕೆಯಲ್ಲಿ ಗೊಂಬೆಯ ಪಾದದಿಂದ ಕಣ್ಣಿನವರೆಗಿನ ಎತ್ತರವಾದ್ದರಿಂದ, ಅಂಥ ಗೊಂಬೆ ಸುಮಾರು 1/56 ಸ್ಕೇಲಿಗೆ ಹೊಂದುತ್ತದೆ. ಐತಿಹಾಸಿಕ ಯುದ್ಧದಾಟ ಆಡುವವರಿಗಾಗಿ ರುಬಿಕಾನ್ ಕಂಪನಿಯೂ, ವಾರ್ಲಾರ್ಡ್ ಗೇಮ್ಸ್ ಜೊತೆ ಸೇರಿ ಇಟಲೆರಿ ಕಂಪನಿಯೂ 1/56ರಲ್ಲೇ ಪ್ಲಾಸ್ಟಿಕ್ ಟ್ಯಾಂಕುಗಳನ್ನು ತಂದಿವೆ. ಹಾಗಿದ್ದರೆ ಅವನ್ನೇ ಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ಕೊಳ್ಳಬಹುದು, ತಪ್ಪೇನಿಲ್ಲ, ಆದರೆ ಸೈನ್ಸ್ ಫಿಕ್ಷನ್ ಗೊಂಬೆಗಳು ಸಾಮಾನ್ಯವಾಗಿ ದಪ್ಪ ತಲೆ, ಅಗಲ ಭುಜ, ದೊಡ್ಡ ಕೈಗಳವು, ಮೇಲಾಗಿ ಮೈತುಂಬ ಕವಚ ತೊಟ್ಟವು. ಅಂಥ ಗೊಂಬೆಯನ್ನು 1/56ರ ಷರ್ಮನ್ ಪಕ್ಕ ನಿಲ್ಲಿಸಿದರೆ ಅದರ ಭುಜ ಟ್ಯಾಂಕಿನ ಮುಚ್ಚಳಕ್ಕಿಂತ ಅಗಲವಾಗಿ ಕಾಣುತ್ತದೆ, ಈ ಮನುಷ್ಯ ಒಳಗೆ ಇಳಿದದ್ದಾದರೂ ಹೇಗೆ ಎನಿಸುತ್ತದೆ. ನಿಜದಲ್ಲಿ 50 ಸೆಂ.ಮೀ. ಅಗಲವಿರುವ ಮುಚ್ಚಳವೊಂದು 1/56ರಲ್ಲಿ 9 ಮಿ.ಮೀ.ಗೆ ಇಳಿಯುತ್ತದೆ, 1/35ರಲ್ಲಿ 14 ಮಿ.ಮೀ. ಉಳಿಯುತ್ತದೆ. ದಪ್ಪ ಗೊಂಬೆಗೆ ಈ 14 ಮಿ.ಮೀ. ಸರಿಹೊಂದುತ್ತದೆ. ಸ್ಕೇಲ್ ಪಟ್ಟಿ ಹಿಡಿದು ನೋಡಿದರೆ ತಪ್ಪಾದದ್ದು ಮೇಜಿನ ಮೇಲೆ ಸರಿಯಾಗಿ ಕಾಣುತ್ತದೆ, ಆಟಕ್ಕೆ ಬೇಕಾದದ್ದೂ ಅದೇ.

ಆದರೆ 1/35ರ ದೊಡ್ಡ ಟ್ಯಾಂಕು ಮೇಜಿನ ಮೇಲೆ ಹಡಗಿನಂತೆ ಕೂರುತ್ತದೆ. ಚರ್ಚಿಲ್ ಟ್ಯಾಂಕಿನ ಉದ್ದ 7.44 ಮೀಟರ್, ಅಂದರೆ 1/35ರಲ್ಲಿ 21 ಸೆಂ.ಮೀ.ಗೂ ಮಿಕ್ಕಿದ್ದು. ಆದ್ದರಿಂದಲೇ ಚಿಕ್ಕ ಟ್ಯಾಂಕನ್ನು ದೊಡ್ಡ ಸ್ಕೇಲಿನಲ್ಲಿ ಕೊಳ್ಳಿ ಎಂದು ಹೇಳುವುದು. ಅಮೆರಿಕದ ಎಂ3 ಸ್ಟುವರ್ಟ್ ನಿಜದಲ್ಲಿ ಹಗುರ ಟ್ಯಾಂಕು: ಸುಮಾರು 4.5 ಮೀಟರ್ ಉದ್ದ, 2.24 ಮೀಟರ್ ಅಗಲ. 1/35ರಲ್ಲಿ ಅದು 13 ಸೆಂ.ಮೀ. ಉದ್ದ, ಆರೂವರೆ ಸೆಂ.ಮೀ. ಅಗಲಕ್ಕೆ ಬರುತ್ತದೆ. 1/56ರ ಕಿಂಗ್ ಟೈಗರ್ ಟ್ಯಾಂಕಿನ ಒಡಲಿನ ಉದ್ದವೂ ಹೆಚ್ಚುಕಡಿಮೆ ಇಷ್ಟೇ. ಅಂದಮೇಲೆ 1/35ರ ಸ್ಟುವರ್ಟಿನ ಪುಟ್ಟ ಟರೆಟ್ಟನ್ನು (ತೋಪು ಕೂತಿರುವ, ಸುತ್ತ ತಿರುಗುವ ಮೇಲಿನ ಗೂಡನ್ನು) ತೆಗೆದು ದೊಡ್ಡದೊಂದನ್ನು ಕೂರಿಸಿದರೆ ಆಟದ ಮೇಜಿನ ಮೇಲೆ ಅದು ಭಾರೀ ಟ್ಯಾಂಕಾಗುತ್ತದೆ.

ನಮ್ಮ ಜಿಲ್ಲೆಯವರಿಗೆ ಸ್ಟುವರ್ಟ್ ಅಪರಿಚಿತವೇನೂ ಆಗಬಾರದು. ಕಾರವಾರದ ಪಕ್ಕದ ಚೆಂಡಿಯಾದವರಾದ ರಾಮ ರಾಘೋಬ ರಾಣೆಯವರು 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಯ ದಾರಿಯಲ್ಲಿ ನೆಲಬಾಂಬುಗಳನ್ನೂ ಅಡ್ಡಗಟ್ಟುಗಳನ್ನೂ ತೆರವುಗೊಳಿಸಿ ಮುಂದೆ ಸಾಗಿಸಿದ್ದು ಸ್ಟುವರ್ಟ್ ಟ್ಯಾಂಕುಗಳನ್ನೇ. ಟ್ಯಾಂಕಿನ ಅಡಿಯಲ್ಲಿ ಅದರೊಂದಿಗೇ ತೆವಳುತ್ತ, ಹಗ್ಗ ಜಗ್ಗಿ ಚಾಲಕನಿಗೆ ಸೂಚನೆ ಕೊಟ್ಟ ಆ ಸಾಹಸಕ್ಕೆ ಅವರಿಗೆ ಪರಮವೀರ ಚಕ್ರ ಸಂದಿತು. ಕಿಟ್ಟಿನ ತಳವನ್ನು ತಿರುಗಿಸಿ, ಆ ಟ್ಯಾಂಕಿನ ಹೊಟ್ಟೆಗೂ ನೆಲಕ್ಕೂ ನಡುವೆ ಎಷ್ಟು ಜಾಗವಿದೆಯೆಂದು ನೋಡಿದವರಿಗೆ ಆ ಕೆಲಸ ಎಂಥದ್ದೆಂದು ಅರ್ಥವಾಗುತ್ತದೆ.

ರಾಣೆಯವರ ಪ್ರತಿಮೆ ಇರುವುದು ಕಾರವಾರದ ಟಾಗೋರ್ ಕಡಲತೀರದ ಚಾಪಲ್ ಯುದ್ಧನೌಕೆ ಸಂಗ್ರಹಾಲಯದ ಬಳಿ. ಟ್ಯಾಂಕು ಮಾರ್ಪಡಿಸಲು ಹೊರಟವರು ಆ ನೌಕೆಯನ್ನು ಒಮ್ಮೆ ಇದೇ ಉದ್ದೇಶದಿಂದ ನೋಡಿ ಬರಬೇಕೆಂದು ನನ್ನ ಸಲಹೆ. ಸುಮಾರು 38 ಮೀಟರ್ ಉದ್ದದ ಕ್ಷಿಪಣಿ ದೋಣಿಯದು. ತುಸು ದೂರದಿಂದ ನೋಡುವಾಗ ಅದರ ಗಾತ್ರ ನಿಮಗೆ ತಿಳಿಯುವುದು ಬೂದು ಬಣ್ಣದ ಒಡಲಿನಿಂದಲ್ಲ, ಪಕ್ಕದ ಕಂಬಿಗಳಿಂದ, ಏಣಿಯ ಮೆಟ್ಟಿಲುಗಳಿಂದ, ಒಬ್ಬ ಮನುಷ್ಯ ತಲೆ ತಗ್ಗಿಸಿ ನುಗ್ಗಬೇಕಾದ ಕಬ್ಬಿಣದ ಬಾಗಿಲಿನಿಂದ. ಮನುಷ್ಯನ ಕೈ, ಕಾಲು, ಹೆಗಲು ತಾಗುವ ಭಾಗಗಳೇ ಗಾತ್ರವನ್ನು ಸಾರುತ್ತವೆ. ಡೆಕ್ಕಿನ ಮೇಲಿನ ಕ್ಷಿಪಣಿಯ ದುಂಡು ಪೆಟ್ಟಿಗೆಗಳನ್ನು ಮಾತ್ರ ನೋಡಿದರೆ ಅವು ಎರಡು ಮೀಟರಿನವೋ ಹತ್ತು ಮೀಟರಿನವೋ ಹೇಳಲಾಗದು.

ಟ್ಯಾಂಕಿನಲ್ಲಿಯೂ ಹೀಗೆಯೇ. ಮುಚ್ಚಳ, ಹಿಡಿಕೆ, ಮುಂದಿನ ದೀಪ, ಪಕ್ಕಕ್ಕೆ ಕಟ್ಟಿದ ಗುದ್ದಲಿ ಮತ್ತು ಕೊಡಲಿ, ಮೇಲಿನ ಮಷಿನ್‌ಗನ್: ಇವಿಷ್ಟನ್ನು ತೆಗೆದರೆ ಅಥವಾ ನಿಮ್ಮ ಗೊಂಬೆಗಳ ಅಳತೆಯವನ್ನು ಹಾಕಿದರೆ, ಉಳಿದ ಒಡಲು ಯಾವ ಸ್ಕೇಲಿನದೆಂದು ಯಾರಿಗೂ ಹೊಳೆಯುವುದಿಲ್ಲ. ಹೀಗಾಗಿ ಕಿಟ್ ಆರಿಸುವಾಗ ಈ ಭಾಗಗಳು ಬೇರೆ ಬೇರೆ ತುಣುಕುಗಳಾಗಿ ಬರುತ್ತವೆಯೋ, ಇಲ್ಲವೆ ಒಡಲಿನ ಮೇಲೆಯೇ ಅಚ್ಚಾಗಿವೆಯೋ ಎಂಬುದನ್ನು ಮೊದಲು ನೋಡಬೇಕು. ಬೇರೆ ತುಣುಕಾಗಿದ್ದರೆ ಅಂಟಿಸದೆ ಬಿಟ್ಟರಾಯಿತು. ಒಡಲಿಗೆ ಅಚ್ಚಾಗಿರುವ ಗುದ್ದಲಿಯನ್ನು ಕೆತ್ತಿ, ಉಜ್ಜಿ, ಹೊಂಡ ಬಿದ್ದಲ್ಲಿ ಎಂ-ಸೀಲ್ ತುಂಬಿ ಸಮ ಮಾಡುವುದರಲ್ಲಿ ಒಂದು ಸಂಜೆಯೇ ಕಳೆದುಹೋಗುತ್ತದೆ. ಕಾರವಾರ, ಶಿರಸಿಗಳಲ್ಲಿ ಕುಳಿತು ಅಂಚೆಯಲ್ಲಿ ತರಿಸಿಕೊಳ್ಳುವ ನಮಗೆ ಪೆಟ್ಟಿಗೆ ತೆರೆದು ನೋಡುವ ಅವಕಾಶ ಇರುವುದಿಲ್ಲವಾದ್ದರಿಂದ, ಸ್ಕೇಲ್‌ಮೇಟ್ಸ್ ಜಾಲತಾಣದಲ್ಲಿ ಅನೇಕ ಕಿಟ್‌ಗಳ ಜೋಡಣೆಯ ಹಾಳೆ ಸಿಗುತ್ತದೆಂಬುದನ್ನು ನೆನಪಿಡಿ. ಪೆಟ್ಟಿಗೆಯ ಮೇಲಿನ ಚಿತ್ರಕ್ಕಿಂತ ಆ ಹಾಳೆ ನಂಬಲರ್ಹ.

ಇನ್ನು ಎರಡನೆಯ ಗುರುತು. ಟೈಗರ್, ಷರ್ಮನ್, ಟಿ-34 ಇವು ಮೂರೂ ಬೇಡವೆಂದು ಖಂಡಿತವಾಗಿ ಹೇಳುತ್ತೇನೆ. ಯುದ್ಧದ ಚಿತ್ರಗಳಲ್ಲಿ ಇವುಗಳ ಆಕಾರ ನೂರಾರು ಸಲ ಕಣ್ಣಿಗೆ ಬಿದ್ದಿರುವುದರಿಂದ, ಮೇಲೆ ಎಷ್ಟು ಕೊಳವೆ, ತಗಡು ಅಂಟಿಸಿದರೂ ಟಿ-34ರ ಇಳಿಜಾರು ಮುಖವಾಗಲಿ ಟೈಗರಿನ ಒಂದರೊಳಗೊಂದು ಹೊಕ್ಕ ಚಕ್ರಗಳಾಗಲಿ ಮರೆಯಾಗುವುದಿಲ್ಲ, ನೋಡಿದವರು 'ಟೈಗರಿಗೆ ಏನೋ ಅಂಟಿಸಿದ್ದಾರೆ' ಎಂದೇ ಹೇಳುತ್ತಾರೆ. ಅವು ಅಗ್ಗವಾಗಿ ಸಿಗುತ್ತವೆಂಬುದು ನಿಜ. ಬಿಡಿಭಾಗಕ್ಕೆಂದು ಕೊಳ್ಳುವುದಾದರೆ ನನ್ನ ತಕರಾರಿಲ್ಲ.

ಹಾಳು ಬಿದ್ದ ಸಾಮ್ರಾಜ್ಯ, ರಿವೆಟ್ ಹೊಡೆದ ದಪ್ಪ ಕವಚ, ಹೊಗೆಯುಗುಳುವ ಎಂಜಿನ್ ಇಂಥ ಮಂಕು ಭವಿಷ್ಯದ ಆಟವಾದರೆ, ಎರಡು ಮಹಾಯುದ್ಧಗಳ ನಡುವಿನ ವಿನ್ಯಾಸಗಳೇ ನಿಮಗೆ ಆಧಾರ. ಟ್ಯಾಂಕ್ ಹೇಗಿರಬೇಕೆಂದು ಇನ್ನೂ ತೀರ್ಮಾನವಾಗದ ಕಾಲವದು. ಆದ್ದರಿಂದಲೇ ಆ ವಾಹನಗಳು ಇಂದಿನ ಕಣ್ಣಿಗೆ ಬೇರೆ ಲೋಕದವಾಗಿ ಕಾಣುತ್ತವೆ. ಫ್ರಾನ್ಸಿನ ಶಾರ್ ಬಿ1 ಇವುಗಳಲ್ಲಿ ನನಗೆ ಅತ್ಯಂತ ಮೆಚ್ಚಿನದು: 75 ಮಿ.ಮೀ. ತೋಪು ಒಡಲಿನಲ್ಲಿ, 47 ಮಿ.ಮೀ. ತೋಪು ಪುಟ್ಟ ಟರೆಟ್ಟಿನಲ್ಲಿ, ಪಕ್ಕಗಳನ್ನು ಪೂರ್ತಿ ಸುತ್ತಿ ಬರುವ ಸರಪಳಿ. ನಿಜದಲ್ಲಿ ಸುಮಾರು 6.4 ಮೀಟರ್ ಉದ್ದದ್ದು, 1/48ರಲ್ಲಿ 13 ಸೆಂ.ಮೀ.ಯಷ್ಟು. ಟರೆಟ್ ಬದಲಿಸಿ, ಒಡಲಿನ ತೋಪಿನ ಜಾಗದಲ್ಲಿ ದಪ್ಪನೆಯ ಲೇಸರ್ ನಳಿಗೆಯನ್ನೋ ಬೆಂಕಿ ಉಗುಳುವ ಕೊಳವೆಯನ್ನೋ ಕೂರಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. ಚರ್ಚಿಲ್ ಕೂಡ ಇದೇ ಜಾತಿಯದು, 1/48ರಲ್ಲಿ ಹದಿನೈದೂವರೆ ಸೆಂ.ಮೀ. ಬರುತ್ತದೆ. ಅದರ ಸರಪಳಿಗಳ ನಡುವಿನ ಪಕ್ಕದ ಬಾಗಿಲುಗಳ ಮೇಲೆ ತೋಪಿನ ಗೂಡುಗಳನ್ನು ಅಂಟಿಸಬಹುದು. ಗುರುತೂ ಅಳಿಯುತ್ತದೆ, ಮದ್ದುಗುಂಡೂ ಹೆಚ್ಚುತ್ತದೆ.

1944ರಲ್ಲಿ ಇಂಫಾಲ್, ಕೊಹಿಮಾ ಕದನಗಳಲ್ಲಿ ಹೋರಾಡಿದ ಎಂ3 ಲೀ ಟ್ಯಾಂಕಿನದು ಮೂರು ಮೀಟರಿಗೂ ಮಿಕ್ಕಿದ ಎತ್ತರ, ಮೇಲೊಂದು ಟರೆಟ್, ಬಲಪಕ್ಕದಲ್ಲಿ ಇನ್ನೊಂದು ತೋಪು. ಸಮತೋಲವಿಲ್ಲದ ಆ ರೂಪವೇ ಅದರ ಗುಣ. ರಷ್ಯದ ಕೆವಿ-2 ಬೇರೆಯೇ ಕಾರಣಕ್ಕೆ ಉಪಯುಕ್ತ: ಪೆಟ್ಟಿಗೆಯಂಥ ದೊಡ್ಡ ಟರೆಟ್ಟಿನಲ್ಲಿ 152 ಮಿ.ಮೀ.ನ ಗಿಡ್ಡ ಹೊವಿಟ್ಜರ್ ತೋಪು. ದಪ್ಪ ಗೊಂಬೆಗಳ ಪಕ್ಕ ಉದ್ದನೆಯ ತೆಳ್ಳಗಿನ ನಳಿಗೆ ಊದುಬತ್ತಿಯಂತೆ ಕಾಣುತ್ತದೆ, ಅದು ಸಾಲದೆಂಬಂತೆ ಆಟದ ನಡುವೆ ಯಾರದಾದರೂ ತೋಳು ತಾಗಿ ಮುರಿಯುತ್ತದೆ. ಕೆವಿ-2ರ ನಳಿಗೆಗೆ ಆ ಭಯವಿಲ್ಲ. 1/48ರ ಕೆವಿ-2 ಕಿಟ್ಟಿನ ಟರೆಟ್ಟನ್ನು ಬೇರೊಂದು ಒಡಲಿಗೆ ಕೂರಿಸಿ, ಉಳಿದ ಒಡಲಿನಿಂದ ಕವಚದ ಸೈನಿಕವಾಹನ ಮಾಡಿಕೊಂಡರೆ ಒಂದು ಕಿಟ್ಟಿನಲ್ಲಿ ಎರಡು ವಾಹನಗಳಾಗುತ್ತವೆ.

ನುಣುಪಾದ, ಚೊಕ್ಕಟ ಭವಿಷ್ಯದ ಸೇನೆ ನಿಮ್ಮದಾದರೆ ಎರಡನೇ ಮಹಾಯುದ್ಧವನ್ನು ದಾಟಿ ಬನ್ನಿ. 1945ರ ಸೆಪ್ಟೆಂಬರಿನಲ್ಲಿ ಬರ್ಲಿನ್ ಪಥಸಂಚಲನದಲ್ಲಿ ಮೊದಲು ಕಾಣಿಸಿದ ಐಎಸ್-3ರ ಚೂಪು ಮುಖ, ತವೆ ಮಗುಚಿದಂಥ ಟರೆಟ್ ಇಂದಿಗೂ ಹಳತೆನಿಸುವುದಿಲ್ಲ. ಸ್ವೀಡನ್ನಿನ ಎಸ್-ಟ್ಯಾಂಕಿಗೆ ಟರೆಟ್ಟೇ ಇಲ್ಲ. ತೋಪು ಒಡಲಿಗೆ ಗಟ್ಟಿಯಾಗಿ ಕೂತಿದ್ದು, ಗುರಿಯಿಡಲು ಇಡೀ ಟ್ಯಾಂಕು ತಿರುಗಬೇಕು, ಬಾಗಬೇಕು. ಅದರ ಚಕ್ರ ಸರಪಳಿಗಳನ್ನು ಬಿಟ್ಟು, ಬುಡಕ್ಕೆ ಪಾರದರ್ಶಕ ಕಡ್ಡಿಯೊಂದನ್ನು ನೆಟ್ಟರೆ ಗಾಳಿಯಲ್ಲಿ ತೇಲುವ ಟ್ಯಾಂಕು ಸಿದ್ಧ. ಇಸ್ರೇಲಿನ ಮೆರ್ಕವಾದ ಎಂಜಿನ್ ಮುಂದಿದ್ದು ಹಿಂದೆ ಬಾಗಿಲಿರುವುದರಿಂದ, ಸೈನಿಕರನ್ನೂ ಹೊರುವ ಟ್ಯಾಂಕೆಂದು ಆಟದ ನಿಯಮದಲ್ಲಿ ತೋರಿಸಲು ಅನುಕೂಲ. ಬರೀ ಸಾಗಣೆಯ ವಾಹನ ಬೇಕೆಂದರೆ ಎಂ113 ಸಾಕು. ಅದೊಂದು ಪೆಟ್ಟಿಗೆ, ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ.

ಕೊಳ್ಳುವ ಮುನ್ನ ಕಿಟ್ಟಿನ ಗುಣದ ಬಗ್ಗೆ ಎರಡು ಮಾತು. ಟಮಿಯಾ ಕಂಪನಿಯ 1/48 ಸಾಲಿನ ಮೊದಲಿನ ಹಲವು ಕಿಟ್‌ಗಳ ಕೆಳ ಒಡಲು ಲೋಹದ್ದು. ತೂಕವಿರುವುದರಿಂದ ಮೇಜಿನ ಮೇಲೆ ಭದ್ರವಾಗಿ ನಿಲ್ಲುತ್ತದೆ, ಆದರೆ ಕತ್ತರಿಸಿ ಅಗಲ ಮಾಡುವ ಯೋಚನೆಯಿದ್ದರೆ ಅದನ್ನು ಮುಟ್ಟಬೇಡಿ, ಪ್ಲಾಸ್ಟಿಕ್ಕಿನ ಅಂಟೂ ಅದಕ್ಕೆ ಹಿಡಿಯುವುದಿಲ್ಲ. ಅದೇ ಕಂಪನಿಯ ಹಳೆಯ 1/35 ಕಿಟ್‌ಗಳು ಮೋಟಾರ್ ಹಾಕಿ ಓಡಿಸುವ ಆಟಿಕೆಗಳಾಗಿ ಹುಟ್ಟಿದವಾದ್ದರಿಂದ ಅವುಗಳ ತಳದಲ್ಲಿ ಸ್ವಿಚ್ಚಿನ ತೂತುಗಳಿರುತ್ತವೆ. ಅಚ್ಚುಕಟ್ಟಾದ ಮಾದರಿ ಬೇಕೆನ್ನುವವರು ಅದಕ್ಕೆ ಮೂಗು ಮುರಿಯುತ್ತಾರೆ, ನಮಗೆ ಅದರಿಂದ ಏನೂ ತೊಂದರೆಯಿಲ್ಲ. ತುಣುಕುಗಳು ಕಡಿಮೆ, ಪ್ಲಾಸ್ಟಿಕ್ ದಪ್ಪ. ಸರಪಳಿಯ ಒಂದೊಂದು ಕೊಂಡಿಯನ್ನೂ ಬಿಡಿಯಾಗಿ ಜೋಡಿಸಬೇಕಾದ ಹೊಸ ಕಿಟ್‌ಗಳನ್ನು ಆಟಕ್ಕೆಂದು ಕೊಳ್ಳುವುದು ವ್ಯರ್ಥ ಶ್ರಮ. ನಿಮ್ಮ ಗೊಂಬೆಗಳು 28ರ ಬದಲು 15 ಮಿ.ಮೀ.ಯವಾಗಿದ್ದಿದ್ದರೆ 1/35ರ ಜಾಗದಲ್ಲಿ 1/72 ಎಂದು ಓದಿಕೊಂಡರೆ ಸಾಕಿತ್ತು.

ಶಿರಸಿಯವರೆಂದು ಹೇಳಿದ್ದರಿಂದ ಇನ್ನೊಂದು ವಿಷಯ ಸೇರಿಸುತ್ತೇನೆ. ಕಿಟ್ಟನ್ನು ಮಳೆಗಾಲದಲ್ಲಿ ತರಿಸಿದರೂ ಆ ದಿನಗಳನ್ನು ಕತ್ತರಿಸುವುದಕ್ಕೆ, ಜೋಡಿಸುವುದಕ್ಕೆ ಬಳಸಿ, ಸ್ಪ್ರೇ ಪ್ರೈಮರನ್ನು (ಬಣ್ಣಕ್ಕೆ ಮೊದಲು ಹೊಡೆಯುವ ಅಡಿಲೇಪವನ್ನು) ಮಳೆ ನಿಂತ ಮೇಲೆ ಹೊಡೆಯಿರಿ. ತೇವದ ಗಾಳಿಯಲ್ಲಿ ಹೊಡೆದ ಬಣ್ಣಕ್ಕೆ ಬಿಳಿ ಮಂಜು ಕವಿಯುತ್ತದೆ. ಫೆವಿಕ್ವಿಕ್‌ನಂಥ ಅಂಟು ಕೂಡ ಆ ತೇವದಲ್ಲಿ ಸುತ್ತಲೂ ಬೂದಿ ಬಡಿದಂತೆ ಬಿಳುಪೇರುತ್ತದೆ.

ಕೊನೆಗೆ, ಹಣ ಕಳಿಸುವ ಮೊದಲು ಎದುರಾಳಿಗಳೊಂದಿಗೆ ಮಾತಾಡಿಕೊಳ್ಳಿ. ನಿಮ್ಮ ಆಟದ ನಿಯಮದಲ್ಲಿ ಟ್ಯಾಂಕಿನ ಅಳತೆಗೆ ಬೆಲೆಯಿದ್ದರೆ, ಅಂದರೆ ಮರೆಯಲ್ಲಿ ನಿಲ್ಲುವುದು, ಗುರಿಗೆ ಸಿಗುವುದು, ಇಕ್ಕಟ್ಟಿನ ದಾರಿಯಲ್ಲಿ ತೂರುವುದು ಎಲ್ಲವೂ ಮಾದರಿಯ ಗಾತ್ರದ ಮೇಲೆ ನಿರ್ಧಾರವಾಗುವುದಾದರೆ, ಕಂಪನಿಯ ಟ್ಯಾಂಕಿನ ಉದ್ದಗಲವನ್ನು ರಟ್ಟಿನಲ್ಲಿ ಕತ್ತರಿಸಿ ಇಟ್ಟುಕೊಂಡು ಅದಕ್ಕೆ ಹತ್ತಿರವಾದ ಕಿಟ್ಟನ್ನೇ ಆರಿಸಿ. ಕೆಲವು ಕಂಪನಿಗಳು ತಮ್ಮ ಅಂಗಡಿ ಹಾಗೂ ಪಂದ್ಯಾವಳಿಗಳಲ್ಲಿ ತಮ್ಮದೇ ಮಾದರಿಗಳನ್ನು ಬಯಸುತ್ತವೆ. ಯಾವ ಮಾದರಿಯಾದರೂ ಸರಿ ಎನ್ನುವ ಗ್ರಿಮ್‌ಡಾರ್ಕ್ ಫ್ಯೂಚರ್‌ನಂಥ ನಿಯಮಗಳೂ ಇವೆ. ಮನೆಯಲ್ಲಿ ಆಡುವ ನಿಮ್ಮ ಗುಂಪಿಗೆ ನಾನಾದರೆ 1/35ರ ಸ್ಟುವರ್ಟ್ ಎರಡು, 1/48ರ ಶಾರ್ ಬಿ1 ಸಿಕ್ಕರೆ ಅದೊಂದು ತರಿಸುತ್ತಿದ್ದೆ. ಎರಡು ಸ್ಟುವರ್ಟ್ ಯಾಕೆಂದರೆ, ಒಂದೇ ಬಗೆಯ ಎರಡು ವಾಹನಗಳಿಗೆ ಒಂದೇ ರೀತಿಯ ಟರೆಟ್ ಕೂರಿಸಿದಾಗ ಅದು ಕಾರ್ಖಾನೆಯಿಂದಲೇ ಹಾಗೆ ಬಂದ ಟ್ಯಾಂಕೆಂದು ನೋಡಿದವರು ನಂಬುತ್ತಾರೆ.