ಬಿಗಿ ಮಾಡಿದಷ್ಟೂ ಸಣ್ಣ ಆಗಲ್ಲ ಕಣ್ರೀ

ಲೈಪೋ (ಕೊಬ್ಬು ಎಳೆದು ತೆಗೆಯೋ ಆಪರೇಷನ್) ಆದೋರು, ಟಮ್ಮಿ ಟಕ್ (ಹೊಟ್ಟೆಯ ಹೆಚ್ಚಿನ ಚರ್ಮ ಕತ್ತರಿಸಿ ಬಿಗಿ ಮಾಡೋದು) ಆದೋರು, ಗೈನೋ (ಗಂಡಸರ ಉಬ್ಬಿದ ಎದೆ ಇಳಿಸೋದು) ಮಾಡಿಸ್ಕೊಂಡ ಹುಡುಗ್ರು, ಯಾರೇ ಆಗಿರ್ಲಿ, ಫಸ್ಟ್ ಡ್ರೆಸ್ಸಿಂಗ್‌ಗೆ ಬಂದಾಗ ಆಪರೇಷನ್ ಆದ್ಮೇಲೆ ಹಾಕ್ಕೊಳ್ಳೋ ಬಿಗಿ ಎಲಾಸ್ಟಿಕ್ ಬಟ್ಟೆ, ಅಂದ್ರೆ ಗಾರ್ಮೆಂಟ್ ಬಗ್ಗೆ ಕೇಳೋದು ಒಂದೇ ಪ್ರಶ್ನೆ. "ಡಾಕ್ಟ್ರೇ, ಇನ್ನೊಂದು ಸಾಲು ಒಳಗಿನ ಹುಕ್‌ಗೆ ಹಾಕ್ಲಾ?" ಬೇಡ ಅಂದ್ರೆ ಮುಖ ಸಪ್ಪಗಾಗತ್ತೆ. ಕೆಲವ್ರು ಕೇಳೋದೂ ಇಲ್ಲ, ಹಾಕ್ಕೊಂಡೇ ಬಂದಿರ್ತಾರೆ, ಬಿಚ್ಚಿ ನೋಡಿದ್ರೆ ಸೊಂಟದ ಸುತ್ತ ಹುಕ್ಕಿನ ಅಚ್ಚು ಒಂದೊಂದೂ ಎಣಿಸ್ಬಹುದು ಹಾಗೆ ಎದ್ದಿರತ್ತೆ. ಯಾಕಮ್ಮಾ ಹೀಗೆ ಅಂದ್ರೆ "ಅಷ್ಟು ದುಡ್ಡು ಕೊಟ್ಟು ಮಾಡಿಸಿದೀನಿ, ಬೇಗ ಶೇಪ್ ಬರ್ಲಿ ಅಂತ" ಅಂತಾರೆ. ಈ ಆಸೆ ನನಗೆ ಅರ್ಥ ಆಗತ್ತೆ, ಆದ್ರೆ ಈ ಲೆಕ್ಕಾಚಾರ ಎಲ್ಲಿಂದ ಬಂತು ಅನ್ನೋದು ಮಾತ್ರ ಇಷ್ಟು ವರ್ಷ ಪ್ಲಾಸ್ಟಿಕ್ ಸರ್ಜರಿ ಮಾಡಿದ್ಮೇಲೂ ಪೂರ್ತಿ ಅರ್ಥ ಆಗಿಲ್ಲ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಗಾರ್ಮೆಂಟ್ ನಿಮ್ಮನ್ನ ಸಣ್ಣ ಮಾಡಲ್ಲ. ತೆಗೀಬೇಕಾದ ಕೊಬ್ಬನ್ನ ಟೇಬಲ್ ಮೇಲೇ ತೆಗೆದಾಯ್ತು, ಅದು ಬಾಟ್ಲಲ್ಲಿ ಹೋಯ್ತು. ಉಳಿದಿರೋ ಕೊಬ್ಬನ್ನ ಒತ್ತಿ ಕರಗಿಸೋ ಬಟ್ಟೆ ಯಾವುದೂ ಇಲ್ಲ, ಟೀವಿಯಲ್ಲಿ ತೋರಿಸೋ ಬೆವರಿಳಿಸೋ ಬೆಲ್ಟ್ ಕೂಡ ಬೆವರನ್ನಷ್ಟೇ ಇಳಿಸತ್ತೆ, ಒಂದು ಲೋಟ ನೀರು ಕುಡಿದ್ರೆ ಆ ತೂಕ ವಾಪಸ್.

ಹಾಗಾದ್ರೆ ಅದು ಮಾಡೋದೇನು? ಲೈಪೋದಲ್ಲಿ ನಾವು ಮೊದಲು ಚರ್ಮದ ಕೆಳಗೆ ಸಲೈನ್‌ಗೆ ನೋವು ತಡೆಯೋ ಲಿಗ್ನೋಕೇನ್ ಸ್ವಲ್ಪ, ರಕ್ತ ಸೋರದ ಹಾಗೆ ನಾಳ ಕುಗ್ಗಿಸೋ ಅಡ್ರಿನಲಿನ್ ಸ್ವಲ್ಪ ಬೆರೆಸಿ ಲೀಟರ್‌ಗಟ್ಟಲೆ ತುಂಬ್ತೀವಿ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಚರ್ಮರೋಗ ತಜ್ಞ ಜೆಫ್ರಿ ಕ್ಲೈನ್ ರೂಢಿಗೆ ತಂದ ಪದ್ಧತಿ ಇದು, ಅದಕ್ಕೆ ಮುಂಚೆ ಹೋಗ್ತಿದ್ದ ರಕ್ತದ ಪ್ರಮಾಣ ಕೇಳಿದ್ರೆ ಈಗಿನೋರು ಯಾರೂ ಟೇಬಲ್ ಹತ್ತಲ್ಲ. ಆಮೇಲೆ ಮೂರ್ನಾಲ್ಕು ಮಿಲಿಮೀಟರ್ ದಪ್ಪದ ಕ್ಯಾನುಲಾ ಅನ್ನೋ ಕೊಳವೆ ಹಾಕಿ ಕೊಬ್ಬು ಎಳೀತೀವಿ. ಅಂದ್ರೆ ಚರ್ಮದ ಕೆಳಗೆ ಸುರಂಗ ತೋಡಿದ ಹಾಗೆ ನೂರಾರು ದಾರಿ ಆಗಿರತ್ತೆ, ಹಾಕಿದ ನೀರೂ ಅರ್ಧ ಅಲ್ಲೇ ಉಳಿದಿರತ್ತೆ. ಟಮ್ಮಿ ಟಕ್‌ನಲ್ಲಂತೂ ಹೊಟ್ಟೆ ಚರ್ಮಾನ ಪಕ್ಕೆಲುಬಿನವರೆಗೂ ಸ್ನಾಯುವಿನಿಂದ ಬಿಡಿಸಿ, ಹೆಚ್ಚಿನದ್ದು ಕತ್ತರಿಸಿ, ಕೆಳಗೆಳೆದು ಹೊಲಿದಿರ್ತೀವಿ. ಬಿಡಿಸಿದ ಆ ಎರಡು ಪದರದ ಮಧ್ಯೆ ಜಾಗ ಸಿಕ್ಕಿದ್ರೆ ನೀರು ತುಂಬ್ಕೊಳ್ಳತ್ತೆ, ಸೆರೋಮಾ ಅಂತೀವಿ. ಪುಸ್ತಕಕ್ಕೆ ಗೋಂದು ಹಚ್ಚಿ ರಟ್ಟು ಅಂಟಿಸಿದ್ಮೇಲೆ ಒಣಗೋವರೆಗೂ ಮೇಲೆ ಕೈ ಇಟ್ಕೊಂಡಿರ್ತೀವಲ್ಲ, ಗಾರ್ಮೆಂಟ್ ಕೆಲಸ ಅಷ್ಟೇ. ಅಲ್ಲಾಡದ ಹಾಗೆ, ಎಲ್ಲಾ ಕಡೆ ಸಮವಾಗಿ, ಮೆತ್ತಗೆ ಹಿಡ್ಕೊಂಡಿರೋದು. ಊತ ಸ್ವಲ್ಪ ಬೇಗ ಇಳಿಯತ್ತೆ, ಎದ್ದು ಓಡಾಡುವಾಗ ಹಿಡಿತ ಇದೆ ಅನ್ಸತ್ತೆ, ಎಳೆತದ ನೋವು ಕಮ್ಮಿ.

ಈಗ ಯಾರಿಗೂ ತಲೆಗೆ ಹೋಗದ ಆ ಒಂದು ಪಾಯಿಂಟ್‌ಗೆ ಬರ್ತೀನಿ, ಇದನ್ನ ಸ್ವಲ್ಪ ಎಳೆದೆಳೆದು ಹೇಳ್ತೀನಿ, ಬೇಜಾರಾಗ್ಬೇಡಿ.

ಬಿಪಿ ಅಳೆದು 120, 80 ಅಂತ ಹೇಳ್ತೀವಲ್ಲ, ಅದೇ ಅಳತೆಯಲ್ಲಿ ಒಳ್ಳೆ ಗಾರ್ಮೆಂಟ್ ಚರ್ಮದ ಮೇಲೆ ಹಾಕೋ ಒತ್ತಡ ಸಾಮಾನ್ಯವಾಗಿ 15ರಿಂದ 20ರ ಆಸುಪಾಸು ಇರತ್ತೆ. ಚರ್ಮಕ್ಕೆ ರಕ್ತ ಕೊಡೋ ಕೂದಲೆಳೆ ನಾಳಗಳ ಒಳಗಿನ ಒತ್ತಡ, ರಕ್ತ ಒಳಗೆ ಬರೋ ಕಡೆಯಲ್ಲೇ ಸುಮಾರು 30ರ ಹತ್ತಿರ. ಹೊರಗೆ ಹೋಗೋ ಕಡೆ ಇನ್ನೂ ಕಮ್ಮಿ. ಅದೂ ಆರೋಗ್ಯವಾಗಿರೋ ಚರ್ಮದ್ದು. ಆಪರೇಷನ್ ಆದ ಚರ್ಮದ್ದು ಕಥೆನೇ ಬೇರೆ, ಕೆಳಗಿಂದ ಬರ್ತಿದ್ದ ಎಷ್ಟೋ ನಾಳ ಕತ್ತರಿಸಿ ಹೋಗಿರತ್ತೆ. ಟಮ್ಮಿ ಟಕ್‌ನಲ್ಲಿ ಹೊಕ್ಕುಳಿಗೂ ಕೆಳಗಿನ ಹೊಲಿಗೆಗೂ ಮಧ್ಯೆ ಇರೋ ಭಾಗ ಇದೆಯಲ್ಲ, ಅದಕ್ಕೆ ರಕ್ತ ಪಕ್ಕದಿಂದ ದೂರ ನಡ್ಕೊಂಡು ಬರ್ಬೇಕು, ಇಡೀ ಹೊಟ್ಟೆಯಲ್ಲಿ ಅತಿ ಬಡವ ಅಂದ್ರೆ ಆ ಜಾಗ. ನೀವು ಬೆಲ್ಟ್ ಎಳೆದು ಕಟ್ಟೋದೂ ಸರಿಯಾಗಿ ಅಲ್ಲೇ. ಸಿಗರೇಟ್ ಬೇರೆ ಸೇದೋರಾಗಿದ್ರೆ ಮುಗೀತು, ಚರ್ಮ ಕಪ್ಪಾಗಿ ಸತ್ತೇ ಹೋಗೋ ಚಾನ್ಸ್ ಇರತ್ತೆ. ಎಲ್ಲರಿಗೂ ಹಾಗಾಗತ್ತೆ ಅಂತ ಹೆದರಿಸ್ತಿಲ್ಲ, ಆದ್ರೆ ಆದೋರಿಗೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್.

"ನೋವಾದ್ರೆ ಲೂಸ್ ಮಾಡ್ಕೋತೀನಿ ಬಿಡಿ ಮೇಡಂ" ಅಂತಾರೆ. ಇದೇ ದೊಡ್ಡ ಎಡವಟ್ಟು. ಆಪರೇಷನ್ ಆದ ಜಾಗದಲ್ಲಿ ಸ್ಪರ್ಶ ವಾರಗಟ್ಟಲೆ, ಕೆಲವ್ರಿಗೆ ತಿಂಗಳುಗಟ್ಟಲೆ ಮರಗಟ್ಟಿರತ್ತೆ. ಒತ್ತಿದ್ರೂ ಗೊತ್ತಾಗಲ್ಲ, ಸುಟ್ರೂ ಗೊತ್ತಾಗಲ್ಲ. ಬಿಸಿನೀರಿನ ಬ್ಯಾಗ್ ಇಟ್ಕೊಂಡು ಹೊಟ್ಟೆ ಮೇಲೆ ಬೊಬ್ಬೆ ಎಬ್ಬಿಸ್ಕೊಂಡು ಬಂದೋರನ್ನ ನೋಡಿದೀನಿ, "ಬೆಚ್ಚಗಿದೆ ಅಂತ ಕೂಡ ಅನ್ನಿಸ್ಲಿಲ್ಲ" ಅಂದ್ರು. ಹಂಗಾಗಿ ನೋವಿಲ್ಲ ಅನ್ನೋದು ಇಲ್ಲಿ ಸರ್ಟಿಫಿಕೇಟ್ ಅಲ್ಲ. ಗಾರ್ಮೆಂಟ್ ಅಂಚಿನ ಕೆಳಗೆ ಎರಡು ಬೆರಳು ಆರಾಮಾಗಿ ತೂರ್ಬೇಕು. ಚರ್ಮಾನ ಒಂದು ಸಲ ಒತ್ತಿ ಬಿಟ್ರೆ ಬೆಳ್ಳಗಾಗಿದ್ದು ಒಂದೆರಡು ಸೆಕೆಂಡಲ್ಲಿ ಬಣ್ಣ ವಾಪಸ್ ಬರ್ಬೇಕು. ಉಸಿರು ಪೂರ್ತಿ ಎಳ್ಕೊಳ್ಳೋಕೆ ಆಗ್ಬೇಕು. ನಿಮ್ಮ ಅನಿಸಿಕೆ ಬಿಟ್ಟು ಇವನ್ನ ನಂಬಿ.

ಇನ್ನೊಂದು, ಸೊಂಟದಲ್ಲೋ ತೊಡೆಸಂದಿನಲ್ಲೋ ಹಗ್ಗದ ಥರ ಬಿಗಿಯಾದ್ರೆ ಕಾಲಿಂದ ಮೇಲೆ ಬರೋ ರಕ್ತ ನಿಧಾನ ಆಗತ್ತೆ. ಟಮ್ಮಿ ಟಕ್ ಆದೋರಲ್ಲಿ ಗಾರ್ಮೆಂಟ್ ಹಾಕಿದಾಗ ಹೊಟ್ಟೆಯೊಳಗಿನ ಒತ್ತಡ ಏರತ್ತೆ, ತೊಡೆಯ ದೊಡ್ಡ ರಕ್ತನಾಳದಲ್ಲಿ ಹರಿವು ಕಮ್ಮಿ ಆಗತ್ತೆ ಅಂತ ಅಳೆದು ನೋಡಿರೋರಿದ್ದಾರೆ. ಇದರಿಂದಲೇ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಕ್ಲಾಟ್ ಆಗತ್ತೆ ಅಂತ ಖಡಾಖಂಡಿತ ಹೇಳೋಕಾಗಲ್ಲ, ಆದ್ರೆ ಮೊದಲೇ ಹಾಸಿಗೆ ಹಿಡಿದು ಮಲಗಿರೋರಿಗೆ ಇದೂ ಸೇರ್ಕೊಂಡ್ರೆ ಯಾಕೆ ಬೇಕು ರಿಸ್ಕು. ಅದಕ್ಕೇ ಅವತ್ತೇ ಸಂಜೆ ಎಬ್ಬಿಸಿ ನಡೆಸೋದು, ನಮ್ಮ ಸಿಸ್ಟರ್‌ನ ಬೈಕೋಬೇಡಿ. ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದ್ರೆ, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದ್ರೆ, ಬೆಳಗಾಗ್ಲಿ ಅಂತ ಕಾಯಬೇಡಿ, ವಾಟ್ಸಾಪ್‌ನಲ್ಲಿ ಫೋಟೋ ಕಳಿಸ್ತಾ ಕೂರ್ಬೇಡಿ, ಹತ್ತಿರದ ಎಮರ್ಜೆನ್ಸಿಗೆ ಹೋಗಿ.

ಬಿಗಿ ಮಾಡಿದಷ್ಟೂ ಒಳ್ಳೇದು ಅನ್ನೋ ಈ ನಂಬಿಕೆಯ ಮೂಲ ಹುಡುಕ್ತಾ ಹೋದ್ರೆ ನನಗೆ ಅನ್ಸೋದು, ನಮ್ಮ ಮನೆಗಳ ಬಾಣಂತನದಲ್ಲೇ ಇದೆ. ಹಾಸನದ ಕಡೆಯ ಒಬ್ಬಾಕೆ, ಎರಡು ಮಕ್ಕಳಾದ್ಮೇಲೆ ಟಮ್ಮಿ ಟಕ್ ಮಾಡಿಸ್ಕೊಂಡು ಅಮ್ಮನ ಮನೆಗೆ ಹೋಗಿದ್ಲು. ಡ್ರೆಸ್ಸಿಂಗ್‌ಗೆ ಬಂದಾಗ ಗಾರ್ಮೆಂಟ್ ಮೇಲೆ ಹಳೇ ಕಾಟನ್ ಸೀರೆ, ಎಂಟು ಮಡಿಕೆ ಮಾಡಿ, ಸುತ್ತಿ, ಪಕ್ಕದಲ್ಲಿ ಗಂಟು. ಅಮ್ಮ ಹೆಮ್ಮೆಯಿಂದ ನಿಂತಿದ್ರು. "ಎರಡೂ ಹೆರಿಗೆಗೆ ನಾನೇ ಹೊಟ್ಟೆ ಕಟ್ಟಿದ್ದು ಡಾಕ್ಟ್ರಮ್ಮ, ನನ್ನ ಕಟ್ಟು ಜಾರೋದೇ ಇಲ್ಲ." ನಿಜ, ಜಾರಿರ್ಲಿಲ್ಲ. ಗಂಟು ಬಿಚ್ಚೋಕೆ ಸಿಸ್ಟರ್‌ಗೆ ಐದು ನಿಮಿಷ ಹಿಡೀತು. ಒಳಗೆ ಗಾರ್ಮೆಂಟ್ ಹೊಕ್ಕುಳ ಹತ್ರ ಸುರುಳಿ ಸುತ್ಕೊಂಡು ಕೂತಿತ್ತು, ಆ ಸುರುಳಿಯ ಗೆರೆ ಉದ್ದಕ್ಕೂ ನೀರುಗುಳ್ಳೆ, ಅದರ ಕೆಳಗೆ ಅಂಗೈ ಅಗಲದ ಚರ್ಮ ನೇರಳೆ ಬಣ್ಣ. ಬಿಚ್ಚಿಟ್ಟು, ಕಾಲು ಮಡಿಸಿ ಮಲಗಿಸಿ, ಒಂದು ಗಂಟೆ ಕಣ್ಣಿಟ್ಟು ನೋಡ್ಕೊಂಡು ಕೂತ್ವಿ, ನಿಧಾನಕ್ಕೆ ಬಣ್ಣ ತಿರುಗ್ತು. ಪುಣ್ಯಕ್ಕೆ ಗುಳ್ಳೆಗಳಷ್ಟರಲ್ಲೇ ಮುಗೀತು, ಆದ್ರೂ ಆ ಗೆರೆ ಇದ್ದ ಕಡೆ ಸಣ್ಣ ತಗ್ಗು ಉಳ್ಕೊಂಡಿದೆ, ಓರೆಯಾಗಿ ಬೆಳಕು ಬಿದ್ರೆ ಕಾಣತ್ತೆ.

ಆ ತಾಯಿ ಮೇಲೆ ನನಗೆ ಕೋಪ ಬರ್ಲಿಲ್ಲ, ಬರೋದೂ ಇಲ್ಲ. ಮಗಳನ್ನ ಅಷ್ಟು ಮುತುವರ್ಜಿಯಿಂದ ನೋಡ್ಕೊಳ್ಳೋರು ಯಾರಿದ್ದಾರೆ. ಆದ್ರೆ ಹೆರಿಗೆ ಆದ ಹೊಟ್ಟೆಯಲ್ಲಿ ಚರ್ಮ ಸ್ನಾಯುವಿಗೆ ಅಂಟ್ಕೊಂಡೇ ಇರತ್ತೆ, ಅದರ ರಕ್ತ ಎಲ್ಲೂ ಹೋಗಿರಲ್ಲ. ಇಲ್ಲಿ ಬಿಡಿಸಿದೀವಿ. ಬಾಣಂತಿಗೆ ಮಾಡೋ ಹಾಗೆ ಹಂಡೆಯಿಂದ ಸುಡುಸುಡು ನೀರು ಹೊಯ್ಯೋದು, ಎಣ್ಣೆ ಹಚ್ಚಿ ತಿಕ್ಕೋದು, ನೀರು ಜಾಸ್ತಿ ಕುಡೀಬೇಡ ಅನ್ನೋದು, ಬರೀ ಮೆಣಸಿನ ಸಾರು ಅನ್ನದಲ್ಲಿ ಪಥ್ಯ ಮಾಡ್ಸೋದು, ಇವೆಲ್ಲ ದಯವಿಟ್ಟು ಬೇಡ. ನೀರು ಚೆನ್ನಾಗಿ ಕುಡೀಲಿ, ಮೊಟ್ಟೆ, ಬೇಳೆ, ಮೊಸರು ತಿನ್ಲಿ, ಗಾಯ ಮಾಯೋಕೆ ಪ್ರೋಟೀನ್ ಬೇಕು. ಈಗ ನಾನು ಆಪರೇಷನ್‌ಗೆ ಮುಂಚೆ ಪೇಶಂಟ್ ಜೊತೆ ಅಮ್ಮನೋ ಅತ್ತೇನೋ ಯಾರು ನೋಡ್ಕೊಳ್ತಾರೋ ಅವರನ್ನೂ ಕರೆಸ್ತೀನಿ. ಗಂಡಂದಿರಿಗೆ ಹೇಳಿ ಪ್ರಯೋಜನ ಇಲ್ಲ, ಅವರು "ಆಯ್ತು ಡಾಕ್ಟ್ರೇ" ಅಂತ ಫೋನ್ ನೋಡ್ತಿರ್ತಾರೆ.

ಹುಡುಗ್ರ ಕಥೆ ಬೇರೆ ಥರ. ಗೈನೋ ಮಾಡಿಸ್ಕೊಳ್ಳೋರು ಬಹಳಷ್ಟು ಜನ ಮದುವೆಗೆ ಮುಂಚೆ ಬರ್ತಾರೆ, ಮನೆಯಲ್ಲಿ ಹೇಳಿರಲ್ಲ, ಪಿಜಿಯಲ್ಲಿ ರೂಮ್‌ಮೇಟ್ ಒಬ್ಬನಿಗಷ್ಟೇ ಗೊತ್ತಿರತ್ತೆ. ವರ್ಷಗಟ್ಟಲೆ ಬೆನ್ನು ಬಗ್ಗಿಸ್ಕೊಂಡು ಲೂಸ್ ಶರ್ಟ್ ಹಾಕ್ಕೊಂಡು ಓಡಾಡಿರೋರು, ಅವರನ್ನ ನೋಡಿದ್ರೆ ಅಯ್ಯೋ ಪಾಪ ಅನ್ಸತ್ತೆ. ಅಂಥ ಒಬ್ಬ ಹುಡುಗ, ಎದೆ ಸುತ್ತಳತೆ 42 ಇಂಚು, ನಾವು ಬರ್ಕೊಟ್ಟ ಸೈಜ್ ಬಿಟ್ಟು ಆನ್‌ಲೈನಲ್ಲಿ ಮೀಡಿಯಂ ತರಿಸ್ಕೊಂಡು, ಅದೂ ಸಾಲದು ಅಂತ ಒಂದರ ಮೇಲೊಂದು ಎರಡು ವೆಸ್ಟ್ (ಎದೆಗೆ ಹಾಕೋ ಗಾರ್ಮೆಂಟ್) ಹಾಕ್ಕೊಂಡು ಬಂದ. ಮೆಟ್ಟಿಲು ಹತ್ತಿ ಬಂದೋನಿಗೆ ಮಾತೇ ಹೊರಡ್ತಿಲ್ಲ, ಕಂಕುಳಲ್ಲಿ ಚರ್ಮ ಕಿತ್ತಿದೆ, ಕೈ ಜುಮ್ಮನ್ನತ್ತಂತೆ. "ಸರ್ಜರಿ ಚೆನ್ನಾಗಾಗಿದೆ ಮೇಡಂ, ಫುಲ್ ಫ್ಲಾಟ್" ಅಂತಾನೆ. ವೆಸ್ಟ್ ಬಿಚ್ಚಿಸಿ ನೋಡಿದ್ರೆ ವೆಸ್ಟ್ ಮುಗಿಯೋ ಕಡೆ ಊತ ಎಲ್ಲಾ ಹಬ್ಬಿ ಹೊಟ್ಟೆ ಮೇಲೆ ಒಂದು ಟಯರ್ ಥರ ಕೂತಿದೆ. ನೀರು ಎಲ್ಲಿಗೂ ಮಾಯ ಆಗಲ್ಲ ನೋಡಿ, ಇಲ್ಲಿ ಒತ್ತಿದ್ರೆ ಪಕ್ಕಕ್ಕೆ ಹೋಗತ್ತೆ.

ಕೆಳಕ್ಕೂ ಇಳಿಯತ್ತೆ. ಹೊಟ್ಟೆ ಲೈಪೋ ಆದ ಗಂಡಸರಿಗೆ ಮೂರು ನಾಲ್ಕನೇ ದಿನ ಊತ, ಕಂದಿದ ಕಲೆ ಎಲ್ಲಾ ಕೆಳಗಿಳಿದು ವೃಷಣದ ಚೀಲ ಬದನೆಕಾಯಿ ಬಣ್ಣಕ್ಕೆ ತಿರುಗೋದು ಮಾಮೂಲಿ. ಮುಂಚೆನೇ ಹೇಳಿರ್ತೀವಿ, ಆದ್ರೂ ರಾತ್ರಿ ಹೊತ್ತು ಫೋನ್ ಬರತ್ತೆ, "ಡಾಕ್ಟ್ರೇ, ಅದೂ... ಕೆಳಗಡೆ..." ಅಂತ ತಡವರಿಸ್ತಾರೆ. ಎರಡೂ ಕಡೆ ಸಮವಾಗಿ, ಜ್ವರ ಇಲ್ಲದೆ, ತೀರಾ ನೋವಿಲ್ಲದೆ ಇದ್ರೆ ಸಾಮಾನ್ಯವಾಗಿ ತಾನಾಗೇ ಇಳಿಯತ್ತೆ. ಒಂದೇ ಕಡೆ ದಿಢೀರ್ ಅಂತ ಉಬ್ಬಿ ಗಟ್ಟಿಯಾಗ್ತಾ ಹೋದ್ರೆ ಅದು ರಕ್ತ ಕಟ್ಟಿರಬಹುದು, ಆಗ ತಕ್ಷಣ ಬನ್ನಿ. ಗೈನೋದಲ್ಲಿ ಎದೆಗೂ ಇದೇ ಮಾತು, ಅದರಲ್ಲೂ ಮೊದಲ 24 ಗಂಟೆ. ಮೊದಲ ರಾತ್ರಿ ಲೈಪೋ ತೂತುಗಳಿಂದ ಗುಲಾಬಿ ಬಣ್ಣದ ನೀರು ಸೋರಿ ಹಾಸಿಗೆ ನೆನೆಯೋದಕ್ಕೆ ಗಾಬರಿ ಬೇಡ, ನಾವೇ ಹಾಕಿದ ನೀರು ಅದು, ಪ್ಲಾಸ್ಟಿಕ್ ಶೀಟ್ ಹಾಸ್ಕೊಳ್ಳಿ ಅಷ್ಟೇ.

ಮೊದಲ ಸಲ ಸ್ನಾನಕ್ಕೆ ಗಾರ್ಮೆಂಟ್ ಬಿಚ್ಚೋದು ಮಾತ್ರ ಒಬ್ರೇ ಮಾಡ್ಬೇಡಿ. ದಿನಗಟ್ಟಲೆ ಒತ್ತಿಟ್ಟಿದ್ದು ಒಮ್ಮೆಲೇ ಬಿಟ್ರೆ ತಲೆ ಸುತ್ತಿ ಬಚ್ಚಲಲ್ಲಿ ಬೀಳೋರಿದ್ದಾರೆ. ತಿಂಡಿ ತಿಂದು, ಕೂತ್ಕೊಂಡೇ ನಿಧಾನಕ್ಕೆ ಜಿಪ್ ಇಳಿಸಿ, ಐದು ನಿಮಿಷ ಕೂತಿದ್ದು, ಆಮೇಲೆ ಸ್ಟೂಲ್ ಹಾಕ್ಕೊಂಡು ಉಗುರುಬೆಚ್ಚಗಿನ ನೀರಲ್ಲಿ ಸ್ನಾನ. ಬಾಗಿಲಿಗೆ ಚಿಲಕ ಬೇಡ.

ಎಷ್ಟು ದಿನ ಹಾಕ್ಬೇಕು ಅನ್ನೋದಕ್ಕೆ ಒಬ್ಬೊಬ್ಬ ಸರ್ಜನ್ ಒಂದೊಂದು ಹೇಳ್ತಾರೆ, ಎರಡು ವಾರ ಅನ್ನೋರಿದ್ದಾರೆ, ಆರು ವಾರ ಅನ್ನೋರಿದ್ದಾರೆ, ಇಷ್ಟೇ ಸರಿ ಅಂತ ಸಾಬೀತು ಮಾಡೋ ಗಟ್ಟಿ ಪುರಾವೆ ಯಾರ ಕೈಯಲ್ಲೂ ಇಲ್ಲ. ನಾನು ಸಾಧಾರಣವಾಗಿ ಮೂರು ವಾರ ಸ್ನಾನದ ಹೊತ್ತು ಬಿಟ್ಟು ಪೂರ್ತಿ, ಆಮೇಲೆ ಮೂರು ವಾರ ಹಗಲು ಮಾತ್ರ ಅಂತೀನಿ, ನಿಮ್ಮ ಡಾಕ್ಟರ್ ಬೇರೆ ಹೇಳಿದ್ರೆ ಅವರ ಮಾತೇ ಕೇಳಿ, ನಿಮ್ಮ ಹೊಟ್ಟೆ ಒಳಗೆ ನೋಡಿರೋರು ಅವ್ರು. ಆಪರೇಷನ್ ಆದ ವಾರದಲ್ಲಿ ತೂಕ ಒಂದೆರಡು ಕೇಜಿ ಜಾಸ್ತಿ ತೋರಿಸಿದ್ರೆ ಅಳಬೇಡಿ, ಊತದ ನೀರು. ನಿಜವಾದ ಶೇಪ್ ಕಾಣೋಕೆ ಮೂರು ತಿಂಗಳು ಬೇಕು, ಪೂರ್ತಿ ಇಳಿಯೋಕೆ ಆರು. ದಿನಾ ಬೆಳಗ್ಗೆ ಟೇಪ್ ಹಿಡಿಯೋದ್ರಿಂದ ಅದು ಬೇಗ ಇಳಿಯಲ್ಲ.

ಎರಡು ಜೊತೆ ತಗೊಳ್ಳಿ, ಒಂದು ಒಗೆದಾಗ ಇನ್ನೊಂದು. ಕೈಯಲ್ಲೇ ಒಗೀರಿ, ನೆರಳಲ್ಲಿ ಒಣಗಿಸಿ, ಬಿಸಿಲಿಗೂ ಇಸ್ತ್ರಿಗೂ ಎಲಾಸ್ಟಿಕ್ ಸತ್ತುಹೋಗತ್ತೆ. ಬೇಸಿಗೆಯಲ್ಲಿ ಬೆವರುಸಾಲೆ ಆಗೋರು ಒಳಗೆ ತೆಳು ಕಾಟನ್ ಬನಿಯನ್ ಹಾಕ್ಕೊಳ್ಳಿ, ಆದ್ರೆ ಅದು ಮಡಿಕೆ ಬೀಳದ ಹಾಗೆ ಎಳೆದು ಸರಿ ಮಾಡ್ಕೊಳ್ಳಿ. ಎರಡು ಮೂರು ವಾರಕ್ಕೆ ಊತ ಇಳಿದು ಗಾರ್ಮೆಂಟ್ ಲೂಸ್ ಆಗತ್ತೆ, ಆಗ ನಿಜಕ್ಕೂ ಸಣ್ಣ ಸೈಜ್ ಬೇಕು, ನಾವೇ ಕೊಡ್ತೀವಿ, ನೀವು ಇಷ್ಟು ದಿನ ಕೇಳಿದ್ದು ಆಗ ಸಿಗತ್ತೆ. ಮೊನ್ನೆ ಒಬ್ರು ದುಡ್ಡು ಉಳಿಸೋಣ ಅಂತ ಲೂಸ್ ಆದ ಹಳೇದನ್ನೇ ಬೀದಿ ಕೊನೆ ಲೇಡೀಸ್ ಟೈಲರ್ ಹತ್ರ ತಗೊಂಡೋಗಿ ಎರಡೂ ಪಕ್ಕ ಇಂಚಿಂಚು ಹಿಡಿಸ್ಕೊಂಡು ಬಂದಿದ್ರು. ಆ ಹೊಲಿಗೆಯ ಮಡಿಕೆ ಒಳಗಡೆ ದಪ್ಪಗೆ ಕೂತು ಪಕ್ಕೆ ಮೇಲೆ ಕೆಂಪು ಗೆರೆ ಎಳೆದಿತ್ತು. "ಅವ್ರು ಬ್ಲೌಸ್ ಎಷ್ಟು ಚೆನ್ನಾಗಿ ಹೊಲೀತಾರೆ ಗೊತ್ತಾ ಮೇಡಂ" ಅಂದ್ರು. ಬ್ಲೌಸ್ ಅವರ ಹತ್ರಾನೇ ಹೊಲಿಸಿ, ಇದಕ್ಕೆ ಮಾತ್ರ ಟೇಪ್ ಹಿಡಿಯೋದು ನಮ್ಮ ಸಿಸ್ಟರ್ ಅಂದೆ.